ತಾಟು ತೊಳೆದ ನೀರು

ಎಡ ಅಂಗೈ ಮೇಲಿನ ಇಷ್ಟಲಿಂಗದಲ್ಲಿ ನೆಡಬೇಕಾಗಿದ್ದ ಸಿದ್ದೇಶ್ವರನ ದೃಷ್ಟಿ ಆ ಗುರುವಾರ ಬೆಳಿಗ್ಗೆ ನಾಲ್ಕು ಸಲ ಜಾರಿತು. ನಾಲ್ಕು ಸಲವೂ ಅದು ಹೋಗಿ ನಿಂತದ್ದು ಹಾಲ್‌ನ ಮೂಲೆಯಲ್ಲಿ, ಹಳೆಯ ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟಿದ್ದ ಗಾಜಿನ ತೊಟ್ಟಿಯ ಮೇಲೆ. ಅದರ ನೀರು ನಿನ್ನೆ ಸಂಜೆ ಮಜ್ಜಿಗೆಯ ಮೇಲಿನ ತಿಳಿಯಂತಿತ್ತು. ಈಗ ಮಜ್ಜಿಗೆಯೇ ಆಗಿತ್ತು. ಒಂದು ಗೆಣ್ಣಿನಷ್ಟುದ್ದದ ಕೆಂಪು ಸೀಗಡಿಗಳು ತಳ ಬಿಟ್ಟು ಮೇಲೆ ಬಂದು, ಗಾಳಿಗುಳ್ಳೆ ಏಳುವ ಸ್ಪಂಜಿನ ಸುತ್ತ, ಬೀದರ-ಔರಾದ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಜನರಂತೆ ಒತ್ತೊತ್ತಾಗಿ ನಿಂತಿದ್ದವು. ಪೂಜೆಗೆ ಕೂತವನು ಮಂತ್ರ ಮರೆತರೆ ಮೊದಲಿನಿಂದ ಶುರು ಮಾಡಬೇಕು ಎಂದು ಅವ್ವ ಚಿಕ್ಕಂದಿನಲ್ಲಿ ಕಲಿಸಿದ್ದಳು. ಸಿದ್ದೇಶ್ವರ ಮೊದಲಿನಿಂದ ಶುರು ಮಾಡಿದ. ಮೂರನೆಯ ಉಸಿರಿಗೆ ಮತ್ತೆ ಸೀಗಡಿಗಳು ಬಂದವು. ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ನಾಗಸೇನ ಬರುತ್ತಾನೆ, ಜೊತೆಗೆ ಅವನ ಮಗಳು ಪ್ರಣಾಲಿ ಬರುತ್ತಾಳೆ, ಬಂದವಳೇ ಎಣಿಸುತ್ತಾಳೆ.

ತೊಟ್ಟಿ ಅವನದಲ್ಲ. ಅದೇ ತಾನೇ ಸಂಕಟ. ತನ್ನದಾಗಿದ್ದರೆ ಯಾವ ಮನುಷ್ಯನೂ ಇಷ್ಟು ಬೆವರುವುದಿಲ್ಲ. ಬೀದರದ ನೌಬಾದಿನಲ್ಲಿ ಇವನ ಮನೆಯಿಂದ ಎರಡು ಓಣಿ ಆಚೆ ಇರುವ ನಾಗಸೇನ, ಇವನು ಕೆಮಿಸ್ಟ್ರಿ ಕಲಿಸುವ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ತಂಗಿಯ ಮದುವೆಗೆಂದು ಔರಾದಿಗೆ ಹೊರಟಾಗ ಮನೆಯ ಬೀಗದ ಕೈಯನ್ನು ಕೂಡ ಯಾರಿಗೂ ಕೊಡದವನು, ಮಗಳ ತೊಟ್ಟಿಯನ್ನು ತಾನೇ ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಇಲ್ಲಿ ಇಳಿಸಿದ್ದ. ಆರನೆಯ ಇಯತ್ತೆಯ ಪ್ರಣಾಲಿ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು: ‘ಒಟ್ಟು ಮೂವತ್ತೊಂದು. ಎರಡು ದಿನಕ್ಕೊಮ್ಮೆ ಒಂದೇ ಒಂದು ಗುಳಿಗೆ. ಪಾಪ ಅಂತ ಹೆಚ್ಚಿಗೆ ಹಾಕಬೇಡಿ.’ ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯ ಎರಡು ಗೆರೆ ಎಳೆದಿದ್ದಳು.

“ಸರ್, ಇವುಗಳ ಹೊಲಸು ಭಾಳ ಕಮ್ಮಿರಿ,” ಎಂದಿದ್ದ ನಾಗಸೇನ, ಸ್ಪಂಜಿನ ನಳಿಕೆ ಸರಿಮಾಡುತ್ತ. “ಒಂದು ಗೋಲ್ಡ್‌ಫಿಶ್ ಮಾಡೋ ಹೊಲಸು ಈ ಮೂವತ್ತೊಂದೂ ಕೂಡಿ ಮಾಡಂಗಿಲ್ಲ. ಆದ್ರ ಪೂರಾ ಇಲ್ಲ ಅಂತಲ್ಲರಿ. ಅವು ಹೇತಷ್ಟನ್ನ ಈ ಸ್ಪಂಜಿನಾಗಿನ ಬ್ಯಾಕ್ಟೀರಿಯಾ ಸಾಫ್ ಮಾಡ್ತಾವ. ಅಷ್ಟೇ ಅದಾವ ಅವು, ಅಷ್ಟಕ್ಕೇ ಸಾಕಾಗ್ತಾವ. ಹೊರಗಿಂದು ಬಂದ್ರ ಅವುಕ್ಕೂ ಕೈ ಆಗಂಗಿಲ್ಲ.” ಮೇಷ್ಟ್ರುಗಳ ಕಿವಿ ವಿಚಿತ್ರ, ದಿನವಿಡೀ ಇನ್ನೊಬ್ಬರಿಗೆ ಹೇಳಿ ಹೇಳಿ, ತಮಗೆ ಹೇಳಿದ್ದರಲ್ಲಿ ಮೊದಲ ವಾಕ್ಯ ಮಾತ್ರ ಒಳಗಿಳಿಯುತ್ತದೆ. ಸಿದ್ದೇಶ್ವರನಿಗೆ ಕೇಳಿಸಿದ್ದು ಇಷ್ಟೇ: ಇವುಗಳ ಹೊಲಸು ಬಹಳ ಕಡಿಮೆ. ಅಂದರೆ ತೊಟ್ಟಿಯಲ್ಲಿ ಇನ್ನೂ ಜಾಗವಿದೆ. ಇಪ್ಪತ್ತು ಲೀಟರಿನ ಆ ತಿಳಿನೀರನ್ನು ಅವನು ಅವತ್ತು ನೋಡಿದ್ದು, ಮನೆ ಖಾಲಿ ಇದೆ ಎಂಬ ಬೋರ್ಡನ್ನು ಬಾಡಿಗೆದಾರ ನೋಡುವ ಹಾಗೆ.

ಬಾಡಿಗೆಗೆ ಇಡಬೇಕಾಗಿದ್ದದ್ದು ಏನೆಂದರೆ ಅವನು ಉಂಡ ತಾಟನ್ನು ತೊಳೆದ ನೀರು. ಅವ್ವ ಶಿವಕಾಂತಾಳ ಮನೆತನದಲ್ಲಿ, ಭಾತಂಬ್ರಾದ ಆ ಮಣ್ಣಿನ ಪಡಸಾಲೆಯಲ್ಲಿ, ಊಟವೆಂದರೆ ಪ್ರಸಾದ, ಪ್ರಸಾದದಲ್ಲಿ ಕಸವೆಂಬುದಿಲ್ಲ. ಉಂಡಾದ ಮೇಲೆ ತಾಟಿಗೆ ಒಂದು ಗುಟುಕು ನೀರು ಹಾಕಿ, ಬೆರಳಾಡಿಸಿ, ಅಂಟಿದ ಹಿಟ್ಟು, ಚಟ್ನಿ, ಪಲ್ಯದ ಚೂರು ಎಲ್ಲವನ್ನೂ ಬಿಡಿಸಿಕೊಂಡು ಆ ನೀರನ್ನು ಕುಡಿದು ಏಳಬೇಕು. ಬಾಲ್ಯದಲ್ಲಿ ಅವನೂ ಕುಡಿದಿದ್ದ, ಬಸವಣ್ಣನ ಪಟದ ಕೆಳಗೆ ಕೂತು, ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಕುಡಿದು ತಾಟು ಮಗುಚಿ ತೋರಿಸಿದ್ದ. ಆಮೇಲೆ ಕಲಬುರಗಿಯ ಹಾಸ್ಟೆಲ್ಲಿನ ಮೆಸ್ಸು. ಮೊದಲ ದಿನ, ಉದ್ದನೆಯ ಕಲ್ಲುಬೆಂಚಿನ ತುದಿಯಲ್ಲಿ ಕೂತು, ರೂಢಿಯಂತೆ ಸ್ಟೀಲ್ ತಾಟಿಗೆ ನೀರು ಹಾಕಿ ಬೆರಳಾಡಿಸಿ ಎತ್ತಿ ಕುಡಿದಾಗ ಬೆಂಚಿನ ಆ ತುದಿಯವರೆಗೂ ಮೌನವಾಯಿತು. ಮೌನದ ನಡುವಿಂದ ಯಾರೋ, “ಏ, ಮುಸುರಿ ಕುಡೀಲತ್ತಾನಲೇ, ದನ ಕುಡಿದಂಗ,” ಎಂದ. ಬೆಂಚು ನಕ್ಕಿತು. ಯಾರು ಅಂದರು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಆ ನಗೆ ಅವನ ಗಂಟಲಲ್ಲಿ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದೆ. ಇಪ್ಪತ್ತಾರು ವರ್ಷದಿಂದ ತಾಟಿನ ನೀರು ಆ ಬಾಗಿಲು ದಾಟಿಲ್ಲ.

ಅವ್ವ ಭಾತಂಬ್ರಾದಲ್ಲಿದ್ದಷ್ಟು ಕಾಲ ತೊಂದರೆಯೂ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಲೆಂದು ಬೀದರಕ್ಕೆ ಬಂದವಳು ಎಂಟು ತಿಂಗಳಿಂದ ಇಲ್ಲೇ ಇದ್ದಾಳೆ, ಊಟಕ್ಕೆ ಎದುರಿಗೇ ಕೂರುತ್ತಾಳೆ. ಕಣ್ಣು ಇನ್ನೂ ಮಸುಕು, ಕಿವಿ ಮಾತ್ರ ಬೆಕ್ಕಿನದು. ಆದ್ದರಿಂದ ಸಿದ್ದೇಶ್ವರ ಒಂದು ವಿದ್ಯೆ ಸಾಧಿಸಿದ: ತಾಟಿಗೆ ನೀರು ಹಾಕುವ ಸಪ್ಪಳ ಖರೇ, ಬೆರಳಾಡಿಸುವ ಸಪ್ಪಳ ಖರೇ, ಗುಟುಕಿನ ಸಪ್ಪಳ ಮಾತ್ರ ಪಕ್ಕದ ಗ್ಲಾಸಿನ ನೀರಿನದು. ಆಮೇಲೆ ಕೈತೊಳೆಯಲು ಹೋಗುವಾಗ ತಾಟನ್ನು ಕಿಟಕಿಯಿಂದಾಚೆ ಕರಿಬೇವಿನ ಗಿಡಕ್ಕೆ ಬಗ್ಗಿಸುವುದು. ಬಚ್ಚಲಿಗೆ ಚೆಲ್ಲುವ ಧೈರ್ಯ ಅವನಿಗಿಲ್ಲ. ಅಷ್ಟರ ಮಟ್ಟಿಗೆ ಅವನೂ ಶರಣರ ಮನೆಯವನೇ. ಗಿಡ ಮನುಷ್ಯನೆತ್ತರ ಬೆಳೆಯಿತು. ಅವ್ವ ದಿನಾ ಅದರ ಎಲೆ ಮೂಸಿ ಹೊಗಳುತ್ತಿದ್ದಳು. ಅಷ್ಟರಲ್ಲಿ ಹೆಂಡತಿ ಸುವರ್ಣಾ ಕಿಟಕಿಗಳಿಗೆಲ್ಲ ಸೊಳ್ಳೆಪರದೆ ಬಡಿಸಿದಳು. ಅವಳಿಗೇನು, ಎಂಟಕ್ಕೆ ಡಬ್ಬಿ ಹಿಡಿದು ಭಾಲ್ಕಿಯ ಆಫೀಸಿಗೆ ಹೋಗುವವಳು. ಅವಳ ಡಬ್ಬಿ ತೊಳೆದ ನೀರು ಎಲ್ಲಿ ಹೋಗುತ್ತದೆಂದು ಯಾವ ಶರಣರೂ ಕೇಳುವುದಿಲ್ಲ. ಪರದೆ ಬಡಿದ ಮರುದಿನವೇ ಸೀಗಡಿಗಳು ಬಂದವು. ಹೊಲಸು ಬಹಳ ಕಡಿಮೆ, ಕಸ ತಿನ್ನುವ ಜೀವಗಳು, ಊಟದ ಜಾಗಕ್ಕೂ ಕೈತೊಳೆಯುವ ನಲ್ಲಿಗೂ ಸರಿಯಾಗಿ ನಡುವೆ. ದೇವರೇ ಕಳಿಸಿದ ಹಾಗಿತ್ತು.

ಇದೆಲ್ಲ ಯಾರಿಗೂ ಗೊತ್ತಿಲ್ಲದೆ ನಡೆದಿದ್ದರೆ ಒಂದು ಮಾತು. ಹೋದ ತಿಂಗಳು ಭಾತಂಬ್ರಾದಲ್ಲಿ ಶರಣರ ಗೋಷ್ಠಿ ನಡೆದಾಗ ಅವ್ವ ಎದ್ದು ನಿಂತು, ತನ್ನ ಮಗ ಇಷ್ಟು ಓದಿದರೂ, ಬೀದರದಲ್ಲಿ ಲೆಕ್ಚರರ್ ಆದರೂ, ತಾಟು ತೊಳೆದು ಕುಡಿಯುವುದು ಬಿಟ್ಟಿಲ್ಲ ಎಂದು ಹೇಳಿಬಿಟ್ಟಳು. ಸಭೆ ಚಪ್ಪಾಳೆ ತಟ್ಟಿತು. ಅವನಿಗೆ ಶಾಲು ಹೊದಿಸಿದರು, ಎರಡು ಮಾತಾಡಿ ಎಂದರು. ಅವನು ಎರಡಲ್ಲ, ಇಪ್ಪತ್ತು ನಿಮಿಷ ಮಾತಾಡಿದ. ‘ಪ್ರಸಾದ ಮತ್ತು ತ್ಯಾಜ್ಯ: ಒಂದು ರಾಸಾಯನಿಕ ನೋಟ’. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಶಾಲು ಈಗ ಹಾಲ್‌ನ ಗೂಟಕ್ಕೆ, ತೊಟ್ಟಿಯ ನೇರ ಮೇಲೆ ತೂಗುತ್ತಿದೆ; ಅವ್ವ ಬಂದವರಿಗೆಲ್ಲ ತೋರಿಸುತ್ತಾಳೆ. ಅದೇ ವಾರ ನಾಗಸೇನ ಊಟಕ್ಕೆ ಬಂದಿದ್ದ. ಪದ್ಧತಿ ಏನೆಂದು ಅವ್ವನನ್ನು ಕೇಳಿ ತಿಳಿದುಕೊಂಡು, ತಾಟಿಗೆ ನೀರು ಹಾಕಿ, ಒಂದೇ ಸಲಕ್ಕೆ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, “ಜೀರಿಗಿ ವಾಸ್ನಿ ಛಲೋ ಅದರಿ ಅವ್ವಾ,” ಎಂದಿದ್ದ. ಅವನಿಗೆ ಇದು ಮನೆತನದ ಪದ್ಧತಿಯಲ್ಲ, ಬುದ್ಧನ ಪಟದ ಕೆಳಗೆ ಬೆಳೆದವನು. ಸುಮ್ಮನೆ ಉಂಡ ಮನೆಯ ಮರ್ಯಾದೆಗೆಂದು ಕುಡಿದ. ಅವನೆದುರು ಸಿದ್ದೇಶ್ವರ ಗ್ಲಾಸಿನ ನೀರನ್ನು ಗುಟುಕರಿಸುತ್ತಿದ್ದ. ಆ ಕ್ಷಣ ನಾಗಸೇನನ ಕಣ್ಣು ಗ್ಲಾಸಿನ ಮೇಲಿತ್ತೋ ಫ್ಯಾನಿನ ಮೇಲಿತ್ತೋ, ಎಷ್ಟು ನೆನಪಿಸಿಕೊಂಡರೂ ತಿಳಿಯುವುದಿಲ್ಲ.

“ಪೂಜಿ ಮುಗೀತೇನಪ್ಪಾ? ಇವತ್ತ್ಯಾಕ ಇಷ್ಟೊತ್ತು?” ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು. ಮುಗಿಯಿತು ಎಂದು ಅವನು ಲಿಂಗವನ್ನು ಕಟ್ಟಿಕೊಂಡು ಎದ್ದ. ತೊಟ್ಟಿಯ ಹತ್ತಿರ ಹೋಗಿ ಬಗ್ಗಿದರೆ ನೀರಿನ ಮೇಲೆ ಎಣ್ಣೆಯ ತೆಳ್ಳನೆಯ ಪೊರೆ, ಬಣ್ಣಬಣ್ಣದ್ದು. ತಳದ ಮರಳಿನ ಮೇಲೆ ನಾಲ್ಕು ಸೀಗಡಿ ಮಗ್ಗುಲಾಗಿ ಬಿದ್ದಿದ್ದವು, ಒಂದೆರಡು ಬಣ್ಣವೇ ಬಿಟ್ಟು ಗಾಜಿನಂತೆ ಆಗಿದ್ದವು. ಚಮಚದಿಂದ ಮೆಲ್ಲಗೆ ಎತ್ತಿ ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅಡುಗೆಮನೆಯ ಡಬ್ಬಕ್ಕೆ ಹಾಕುವಂತಿಲ್ಲ; ಮೀನಿನ ವಾಸನೆ ಹತ್ತಿದ ಪಾತ್ರೆಯನ್ನೂ ಕಾಣದ ಅಡುಗೆಮನೆ ಅದು. ಹಾಡು ಹಾಕಿಕೊಂಡು ಕಸದ ಗಾಡಿ ಬಂದಾಗ ಜೇಬಿಗೆ ಕೈಹಾಕಿ ಓಡಿದ. ಗಾಡಿಯ ಹೆಂಗಸು ಎರಡು ಬುಟ್ಟಿ ತೋರಿಸಿ, “ಹಸಿ ಕಸೇನ್ರಿ, ಒಣ ಕಸೇನ್ರಿ?” ಎಂದಳು. ಬಿ.ಎಸ್ಸಿಯಿಂದ ಈಚೆಗೆ ಇಷ್ಟು ಸರಳವಾದ ಪ್ರಶ್ನೆಗೆ ಅವನು ಇಷ್ಟು ಹೊತ್ತು ಯೋಚಿಸಿರಲಿಲ್ಲ. “ಏನಿಲ್ಲರಿ,” ಎಂದು ಖಾಲಿ ಕೈ ತೆಗೆದು ತೋರಿಸಿ ವಾಪಸ್ಸು ಬಂದ. ಕಡ್ಡಿಪೆಟ್ಟಿಗೆ ಎದೆಯ ಮೇಲೆ, ಲಿಂಗದ ಪಕ್ಕದಲ್ಲೇ ಉಳಿಯಿತು. ಅವ್ವನ ಕೈಯ ರೊಟ್ಟಿಗೆ ಹಸಿವಿಲ್ಲ ಎಂದು ಸುಳ್ಳು ಹೇಳಿದ, ಏಕೆಂದರೆ ಉಂಡರೆ ತಾಟು, ತಾಟಾದರೆ ನೀರು, ನೀರನ್ನು ಇನ್ನೆಲ್ಲಿ ಬಗ್ಗಿಸುವುದು?

ಕಾಲೇಜಿಗೆ ಹೊರಟಾಗ ಹಳೆಯ ಗ್ಲೂಕೋಸ್ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡಿದ್ದ. ಮೊದಲ ಪೀರಿಯಡ್ ಖಾಲಿ. ಲ್ಯಾಬಿನ ಕಿಟಕಿ ತೆರೆಯುತ್ತಿದ್ದ ಅಟೆಂಡರ್ ಹಾಜಿರಾಬೀ ಅವನು ಪಕ್ಕದಿಂದ ಹಾದುಹೋಗುತ್ತಲೇ ಮೂಗು ಅರಳಿಸಿ ನಿಂತಳು. ಇಪ್ಪತ್ತು ವರ್ಷದಿಂದ ಎಲ್ಲ ಆಮ್ಲಗಳನ್ನೂ ಮೂಗಿನಿಂದಲೇ ಗುರುತಿಸುವ ಹೆಂಗಸು. “ಸರ್, ಝಿಂಗಾ ತಂದೀರೇನ್ರಿ, ಸೀಗಡಿ?” ಎಂದಳು, ತನ್ನ ಮೂಗನ್ನೇ ನಂಬದವಳ ಹಾಗೆ, ಮೆಲ್ಲಗೆ. ಸಿದ್ದೇಶ್ವರ ಎದೆ ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅದು. “ಇಲ್ಲಬೇ, ಪ್ರಯೋಗದ್ದು,” ಎಂದ. “ಪ್ರಯೋಗ ಜೇಬಿನಾಗ ಇಟ್ಗೊಂಡು ಬಂದೀರಿ,” ಎಂದು ಅವಳು ಪರೀಕ್ಷಾನಳಿಕೆಗಳ ಸ್ಟ್ಯಾಂಡ್ ತಂದಿಟ್ಟಳೇ ಹೊರತು ಅಲ್ಲಿಂದ ಹೋಗಲಿಲ್ಲ.

ನೆಸ್ಲರ್ ದ್ರಾವಣದ ಎರಡು ಹನಿ ಬಿದ್ದದ್ದೇ ನೀರು ಮೊದಲು ಹಳದಿ, ಆಮೇಲೆ ಚಹಾದ ಬಣ್ಣವಾಯಿತು. ಅಮೋನಿಯಾ. ಸೆಕೆಂಡ್ ಪಿಯುಸಿಯವರಿಗೆ ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತ ಬಂದ ಅಮೋನಿಯಾ: ಅನ್ನ ಕೊಳೆತರೆ ಅದು, ಜೀವ ಉಚ್ಚೆ ಹೊಯ್ದರೆ ಅದು, ಅದನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಗಳು ಇಷ್ಟಿಷ್ಟೇ ಇಷ್ಟಿಷ್ಟೇ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಅದು ಯಾವತ್ತೂ ಹಾಲ್‌ನ ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮೇಲೆ ಕೂತಿರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಕೈ ತಡೆಯದೆ ಇನ್ನೊಂದು ನಳಿಕೆಗೆ ಅಯೋಡಿನ್ ಹಾಕಿದ. ಯಾಕೆ ಹಾಕಿದನೋ, ಪೊಲೀಸರು ಕೇಳುವ ಮೊದಲೇ ಹೆಬ್ಬೆರಳು ಒತ್ತಿ ಕೊಡುವ ಕಳ್ಳರೂ ಇರುತ್ತಾರೆ. ನೀರು ಕಡುನೀಲಿಯಾಯಿತು. ಹಾಜಿರಾಬೀ ಬಗ್ಗಿ ನೋಡಿದಳು. ಹುಡುಗರು ಆಲೂಗಡ್ಡೆ ಚೂರಿಗೆ ಅಯೋಡಿನ್ ಹಾಕುವುದನ್ನು ಅವಳು ಇವನಿಗಿಂತ ಹೆಚ್ಚು ಸಲ ನೋಡಿದ್ದಾಳೆ. “ಇದರಾಗ ಹಿಟ್ಟು ಅದರಿ ಸರ್. ರೊಟ್ಟಿ ಹಿಟ್ಟು.” ಅವಳು ನಳಿಕೆಯನ್ನು ಬೆಳಕಿಗೆ ಹಿಡಿದು, “ಝಿಂಗಾಕ್ಕ ರೊಟ್ಟಿ ಉಣಿಸೀರಿ ಅಂದಂಗಾಯ್ತು. ನಾವು ರೊಟ್ಟಿ ಸಂಗಟ ಝಿಂಗಾ ಉಣ್ತೇವಿ,” ಎಂದು, ನಕ್ಕರೆ ತಪ್ಪಾದೀತೆಂದು ನಳಿಕೆ ತೊಳೆಯಲು ಹೋದಳು.

ಮೂರನೆಯ ಪೀರಿಯಡ್ಡಿಗೆ ರಜೆ ಬರೆದುಕೊಟ್ಟು ಅವನು ಊರೊಳಗೆ ಅಫ್ರೋಜನ ಅಂಗಡಿಗೆ ಹೋದ. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಸೈಕಲ್ ರಿಪೇರಿಗೂ ಟೇಲರನಿಗೂ ನಡುವೆ ಸಿಕ್ಕಿಕೊಂಡ ಅಂಗಡಿ, ಒಳಗೆ ಕಾಲಿಟ್ಟರೆ ನಾಲ್ಕೂ ಗೋಡೆಗೆ ಮೀನು. ದಾರಿಯಲ್ಲಿ ಅವನು ಲೆಕ್ಕ ಹಾಕಿದ್ದ: ಮೂವತ್ತೊಂದರಲ್ಲಿ ನಾಲ್ಕು ಹೋದರೆ ಇಪ್ಪತ್ತೇಳು, ನಾಲ್ಕು ಕೆಂಪು ಸೀಗಡಿ ತಂದು ಬಿಟ್ಟರೆ ಎಣಿಕೆ ಕೂಡುತ್ತದೆ, ಯಾವ ಸೀಗಡಿಯ ಮುಖವನ್ನು ಯಾರು ನೆನಪಿಟ್ಟಿರುತ್ತಾರೆ? ಅಫ್ರೋಜ ಕಥೆಯನ್ನೆಲ್ಲ ಕೇಳಲಿಲ್ಲ. ಕಥೆಯನ್ನೆಲ್ಲ ಇವನು ಹೇಳಲೂ ಇಲ್ಲ. ‘ಸ್ವಲ್ಪ ಊಟ ಹೆಚ್ಚಾಯಿತು’ ಎಂದಷ್ಟೇ ಹೇಳಿದ. ಅಫ್ರೋಜ ಬಾಟಲಿಯ ತಳದ ನೀರನ್ನು ಮೂಸಿ ಪಕ್ಕಕ್ಕಿಟ್ಟ. “ನಾಕು ಕೊಡ್ತೇನಿ ತಗೋರಿ. ನಾಳಿ ಆ ನಾಕೂ ಮ್ಯಾಲ ಬರ್ತಾವ. ಮತ್ತ ಎಂಟು ಒಯ್ಯಾಕ ಬರ್ರಿ.”

“ಅವುಗಳ ಹೊಲಸು ಭಾಳ ಕಮ್ಮಿ ಅಂತ ಹೇಳಿದ್ರು,” ಎಂದ ಸಿದ್ದೇಶ್ವರ. ಕ್ಲಾಸಿನಲ್ಲಿ ಹೋಮ್‌ವರ್ಕ್ ಮರೆತ ಹುಡುಗರು ಮಾತಾಡುವ ದನಿ ತನ್ನ ಬಾಯಿಂದ ಬಂದದ್ದು ಅವನಿಗೇ ಕೇಳಿಸಿತು.

“ಬರಾಬರ್ ಹೇಳ್ಯಾರ. ಸೀಗಡಿ ಹೇತು ಸತ್ತದ್ದು ನಾ ಒಮ್ಮೆನೂ ನೋಡಿಲ್ಲರಿ. ಮಂದಿ ತಿನ್ನಿಸಿ ಸತ್ತದ್ದು ದಿನಾ ನೋಡ್ತೇನಿ. ಹೋಗಿ ನಾಕರಾಗ ಒಂದು ಪಾಲು ನೀರು ತೆಗೀರಿ, ಬೋರಿನ ನೀರು ಅಷ್ಟೇ ಮೆಲ್ಲಕ ಹಾಕ್ರಿ. ಪೂರಾ ಬದಲಿ ಮಾಡಬ್ಯಾಡ್ರಿ, ಹೆದರ್ಕೊಂಡು ಸಾಯ್ತಾವ. ತಳದ್ದು ನಳಿಗಿಲಿಂದ ಎಳೀರಿ. ನಾಕು ದಿನ ಏನೂ ಹಾಕಬ್ಯಾಡ್ರಿ. ಏನೂ ಅಂದ್ರ ಏನೂ.” ಸೀಗಡಿಯನ್ನು ಕೊಡಲೇ ಇಲ್ಲ. ಅಂಗಡಿಯವನೇ ಮಾರುವುದಿಲ್ಲ ಎಂದ ಮೇಲೆ ಗಿರಾಕಿಯ ಗತಿ ಏನು? ಹೊರಗೆ ಬಿಸಿಲಿಗೆ ಬಂದು ನಿಂತಾಗ ಅವನಿಗೆ ತನ್ನ ಮೇಲೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂದ ಹಾಗಾಯಿತು. ನಲವತ್ತಾರು ವರ್ಷದ ಗಂಡಸು, ಮಕ್ಕಳಿಗೆ ಅಂಕ ಹಾಕುವವನು, ಒಂದು ಗುಟುಕು ನೀರು ಕುಡಿಯಲಾರದೆ ಮೂವತ್ತೊಂದು ಜೀವಗಳಿಗೆ ಕುಡಿಸಿದ.

ಮನೆಗೆ ಬಂದು ಅಫ್ರೋಜ ಹೇಳಿದ ಹಾಗೆ ಮಾಡಿದ. ಅವ್ವ ಹಾಲ್‌ನ ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುತ್ತ, ನೀರು ಎಳೆಯುವ ಸಪ್ಪಳವನ್ನು ಕೇಳುತ್ತಿದ್ದಳು. “ಯಾಕಪ್ಪಾ, ಕೂಸುಗೋಳಿಗೆ ಆರಾಮ ಇಲ್ಲೇನು?” ಎಂದಳು. ಸೀಗಡಿಗಳನ್ನು ಅವು ಬಂದ ದಿನದಿಂದ ಅವಳು ಕೂಸುಗಳೆಂದೇ ಕರೆಯುತ್ತಾಳೆ. “ಸ್ವಲ್ಪ ನೀರು ಕೆಟ್ಟದ.” “ಹೆಂಗ ಕೆಡ್ತು?” “ತಾನೇ ಕೆಡ್ತದ.” ಅವ್ವನ ಬೆರಳು ಒಂದು ಕ್ಷಣ ನಿಂತು ಮತ್ತೆ ಶೇಂಗಾ ಒಡೆಯತೊಡಗಿತು. “ತಾನೇ ಹ್ಯಾಂಗ ಕೆಡ್ತದಪ್ಪಾ ನೀರು,” ಎಂದು ಯಾರಿಗೂ ಅಲ್ಲವೆಂಬಂತೆ ಅಂದಳು. ಮಧ್ಯಾಹ್ನದ ಊಟಕ್ಕೂ ಅವನು ಹಸಿವಿಲ್ಲ ಎಂದ. ಅವಳು ಒತ್ತಾಯ ಮಾಡಲಿಲ್ಲ, ಅದು ಅವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

ನಾಲ್ಕೂವರೆಗೆ ನಾಗಸೇನ ಬಂದ, ಕೈಯಲ್ಲಿ ಮದುವೆಯ ಲಾಡುವಿನ ಡಬ್ಬಿ. ಹೆಂಡತಿ ಮನಿಷಾ ಸಾಮಾನು ಇಳಿಸಲು ಮನೆಗೆ ಹೋಗಿದ್ದಳು, ಪ್ರಣಾಲಿ ಬಸ್ಸಿನಿಂದ ನೇರ ಇಲ್ಲಿಗೇ ಓಡಿ ಬಂದಿದ್ದಳು, ಕೈಯ ಮೆಹಂದಿ ಇನ್ನೂ ಕೆಂಪಗಿತ್ತು. ಚಪ್ಪಲಿ ಬಿಟ್ಟವಳೇ ತೊಟ್ಟಿಯ ಮುಂದೆ ಮೊಣಕಾಲೂರಿದಳು. ನೀರು ಬೆಳಿಗ್ಗೆಗಿಂತ ತಿಳಿಯಾಗಿತ್ತು, ಆದರೆ ತಿಳಿಯಾಗಿರಲಿಲ್ಲ. ಸೀಗಡಿಗಳು ಒಂದೊಂದಾಗಿ ತಳಕ್ಕೆ ಇಳಿಯುತ್ತಿದ್ದವು. ಅವಳು ಬ್ಯಾಗಿನಿಂದ ಚಿಮುಟ ತೆಗೆದು, ತೋಳು ಮೊಣಕೈವರೆಗೂ ನೀರಿಗಿಳಿಸಿ, ಮರಳಿನಿಂದ ಏನನ್ನೋ ಎತ್ತಿ ಅಂಗೈ ಮೇಲಿಟ್ಟುಕೊಂಡು ಅಪ್ಪನಿಗೆ ತೋರಿಸಿದಳು.

“ಅಪ್ಪಾ, ಸಾಸ್ವಿ.”

ಇನ್ನೊಮ್ಮೆ ಕೈ ಇಳಿಸಿದಳು. “ಇದು ಪುಂಡಿಪಲ್ಯ.” ನಾಗಸೇನ ಸಾಸಿವೆ ನೋಡಿದ, ಸಿದ್ದೇಶ್ವರನನ್ನು ನೋಡಿದ, ಆಮೇಲೆ ತಲೆಯೆತ್ತಿ ಫ್ಯಾನನ್ನು ನೋಡತೊಡಗಿದ. ಆ ನೋಟದಿಂದ ಸಿದ್ದೇಶ್ವರನಿಗೆ ಗೊತ್ತಾಯಿತು, ಅವತ್ತೂ ಇವನು ಮೊದಲು ಗ್ಲಾಸನ್ನು ನೋಡಿ ಆಮೇಲೆ ಫ್ಯಾನನ್ನು ನೋಡಿದ್ದ. ಇಷ್ಟು ದಿನ ಯಾರಿಗೂ ಹೇಳದೆ, ನಗದೆ, ತನ್ನ ಮಗಳ ತೊಟ್ಟಿಯನ್ನು ಅದೇ ಮನೆಗೆ ತಂದಿಟ್ಟಿದ್ದ. ಹಾಸ್ಟೆಲ್ಲಿನ ಬೆಂಚು ಅಲ್ಲ ಇದು. “ಅಂಕಲ್,” ಎಂದು ಪ್ರಣಾಲಿ ತಿರುಗಿದಳು, “ಸಾಸ್ವಿ ಯಾರು ಹಾಕ್ಯಾರ್ರಿ?”

“ನಾ ಹಾಕಿದ್ನವ್ವಾ,” ಎಂದಳು ಅವ್ವ.

ಚಾಪೆಯ ಮೇಲಿಂದ, ಶೇಂಗಾ ಸಿಪ್ಪೆಯನ್ನು ಮಡಿಲಿಂದ ಕೊಡವುತ್ತ, ದಿನಾ ಆಡುವ ಮಾತಿನಷ್ಟು ಸಲೀಸಾಗಿ. “ಮುಪ್ಪಿನ ಬುದ್ಧಿ. ಪಾಪ, ಹಸ್ದಾವ ಅಂತ ದಿನಾ ಒಂದೊಂದು ತುತ್ತು ಹಾಕ್ದೆ. ನನ್ನ ತಪ್ಪಾಯ್ತು.” ಬೀಗರ ಹುಗ್ಗಿಗೆ ಬೆಲ್ಲ ಕಮ್ಮಿಯೆಂದು ಮದುವೆಯ ಪಂಕ್ತಿಯಲ್ಲೇ ಹೇಳಿ ಎರಡು ವರ್ಷ ಮಾತು ಬಿಡಿಸಿಕೊಂಡವಳು. ಪೊರೆ ತೆಗೆದ ಡಾಕ್ಟರು, ‘ಈಗ ಚೆನ್ನಾಗಿ ಕಾಣುತ್ತದಲ್ಲ’ ಎಂದಾಗ, ‘ಇಲ್ಲರಿ, ಮೊದಲಿನಂಗೇ ಅದ’ ಎಂದವಳು. ಅರವತ್ತೆಂಟು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಸುಳ್ಳು ಇದು ಇರಬೇಕು, ಮತ್ತು ಅದನ್ನು ಅವಳು ಸರಿಯಾಗಿ ಹೇಳಿದಳು. ಅಂದರೆ ಅವಳಿಗೆ ಗೊತ್ತಿದೆ. ಎಷ್ಟು ದಿನದಿಂದ?

“ಅಜ್ಜಿ, ಚೀಟಿ ಓದಿಲ್ಲೇನ್ರಿ ನೀವು?” ಎಂದಳು ಪ್ರಣಾಲಿ, ಅಳು ತಡೆದುಕೊಂಡು.

“ನಂಗ ಓದ್ಲಿಕ್ಕಿ ಬರಂಗಿಲ್ಲವ್ವಾ ತಾಯಿ.”

ಒಂದು ಉಸಿರಿನಷ್ಟು ಹೊತ್ತು, ಸುಳ್ಳು ಹೇಳಬಾರದು, ಸಿದ್ದೇಶ್ವರನಿಗೆ ಹಾಯೆನಿಸಿತು. ಎಲ್ಲ ಮುಗಿದಿತ್ತು. ಮುದುಕಿ, ಓದು ಬರದವಳು, ಕರುಣೆ ಹೆಚ್ಚಾಗಿ ಹಾಕಿದಳು; ಹುಡುಗಿ ನಾಳೆ ಮರೆಯುತ್ತಾಳೆ, ಶಾಲು ಗೂಟದ ಮೇಲೆ ಉಳಿಯುತ್ತದೆ, ಭಾತಂಬ್ರಾ ಭಾತಂಬ್ರಾದಲ್ಲೇ ಇರುತ್ತದೆ. ಆಮೇಲೆ ಆ ಹಾಯೆನಿಸಿದ್ದಕ್ಕೆ ಅವನಿಗೆ ಬೆಂಚಿನ ನಗುವಿಗಿಂತ ಹೆಚ್ಚು ನಾಚಿಕೆಯಾಯಿತು. ತಾಟಿನ ನೀರನ್ನು ಗಿಡಕ್ಕೆ ಹಾಕಿದ, ಸೀಗಡಿಗೆ ಹಾಕಿದ. ಈಗ ಅವ್ವನಿಗೆ ಹಾಕುತ್ತಿದ್ದಾನೆ. ಜೇಬಿಗೆ ಕೈಹಾಕಿ ಕಡ್ಡಿಪೆಟ್ಟಿಗೆ ತೆಗೆದು ಪ್ರಣಾಲಿಯ ಮುಂದೆ ಇಟ್ಟ.

“ಅವ್ವ ಅಲ್ಲ. ನಾನು. ತುತ್ತೂ ಅಲ್ಲ. ನನ್ನ ತಾಟು ತೊಳೆದ ನೀರು, ಹನ್ನೆರಡು ದಿನ, ದಿನಕ್ಕ ಎರಡು ಸಲ. ನನಗ ಕುಡಿಲಿಕ್ಕಿ ಆಗಂಗಿಲ್ಲ. ಚೀಟಿ ಓದಿದ್ದೆ. ಇದರಾಗ ನಾಕು ಸತ್ತಾವ.” ಹೇಳಿದ ಮೇಲೆ ಇಡೀ ಸಂಗತಿ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಇಷ್ಟು ವರ್ಷ ಹೊತ್ತದ್ದು ಇದನ್ನೇ ಏನು ಎಂದು ಅವನಿಗೆ ಅನುಮಾನ ಬಂತು. ಯಾರೂ ನಗಲಿಲ್ಲ. ಪ್ರಣಾಲಿ ಪೆಟ್ಟಿಗೆ ತೆರೆದು, ನಾಲ್ಕನ್ನೂ ಚಿಮುಟದಿಂದ ಅಂಗೈಗೆ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. “ಇವೆರಡು ಸತ್ತಾವ,” ಎಂದಳು. ಅವಳ ಕಣ್ಣಿಂದ ಒಂದು ಹನಿ ಮೆಹಂದಿಯ ಮೇಲೆ ಬಿತ್ತು. ಆಮೇಲೆ ಮೂಗು ಒರೆಸಿಕೊಂಡು, “ಇವೆರಡು ಸತ್ತಿಲ್ಲ ಅಂಕಲ್. ಇವು ಬರೀ ಅಂಗಿ. ದೊಡ್ಡವಾದ್ರ ಅಂಗಿ ಬಿಚ್ಚಿ ಒಗೀತಾವ. ನೀವು ಅಂಗಿ ಜೇಬಿನಾಗ ಇಟ್ಗೊಂಡು ತಿರುಗೀರಿ.” ಮತ್ತೆ ತೊಟ್ಟಿಯ ಕಡೆ ತಿರುಗಿ ತುಟಿ ಆಡಿಸುತ್ತ ಎಣಿಸತೊಡಗಿದಳು. ನಾಗಸೇನ ಫ್ಯಾನಿನಿಂದ ಕಣ್ಣು ಇಳಿಸಿ, “ಉಳಿದವು ಉಳೀತಾವರಿ ಸರ್, ನೀರು ಸುಧಾರಿಸ್ಲತ್ತದ,” ಎಂದ.

ಅವ್ವ ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಬೆಳಗಿನಿಂದ ಉಪವಾಸವಿದ್ದ ಸಿದ್ದೇಶ್ವರನಿಗೆ ಆ ಸಪ್ಪಳ ಬೆನ್ನಿಗೆ ಬಿದ್ದ ಹಾಗಾಗುತ್ತಿತ್ತು. ಹೊತ್ತು ಇಳಿಯುವ ಮೊದಲೇ ಎಲ್ಲರಿಗೂ ತಾಟು ಹಾಕಿದಳು. ಬಸ್ಸಿನಿಂದ ಇಳಿದವರು ಹಸಿದು ಹೋಗಬಾರದು. ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ. ಸಿದ್ದೇಶ್ವರ ನಾಲ್ಕು ರೊಟ್ಟಿ ಉಂಡ. ನಾಗಸೇನ ಉಂಡು, ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಕುಡಿದ. ಪ್ರಣಾಲಿ ಅಪ್ಪನನ್ನು ನೋಡಿ ತಾನೂ ಹಾಗೆಯೇ ಮಾಡಿ ಮುಖ ಕಿವುಚಿದಳು, ಆದರೆ ಕುಡಿದಳು. ಸಿದ್ದೇಶ್ವರ ತನ್ನ ತಾಟಿಗೆ ನೀರು ಹಾಕಿದ. ಬೆರಳಾಡಿಸಿದ. ಹಳದಿ ನೀರಿನಲ್ಲಿ ಸಾಸಿವೆ ಸುತ್ತುತ್ತಿದ್ದವು. ಅಲ್ಲಿಗೆ ಕೈ ನಿಂತಿತು.

ಎದುರಿನಿಂದ ಅವ್ವನ ಕೈ ನೀಡಿಕೊಂಡು ಬಂತು. “ಕೊಡಿಲ್ಲಿ. ನಾ ಕುಡೀತೇನಿ.”

“ನೀ ಯಾಕ್?”

“ನಿಮ್ಮಪ್ಪಂದೂ ನಾನೇ ಕುಡೀತಿದ್ದೆ. ಮೂವತ್ತೊಂದು ವರ್ಷ. ಅವರಿಗೂ ಗಂಟ್ಲಾಗ ಇಳೀತಿದ್ದಿಲ್ಲ. ಮಂದಿ ಮುಂದ ತಂಬಿಗಿ ನೀರು ಗುಟುಕ್ ಅಂತ ಕುಡಿದು, ತಾಟು ನನ್ನ ಕಡಿ ಸರಸ್ತಿದ್ರು.” ಅವಳ ಮಸುಕು ಕಣ್ಣು ಅವನ ಮುಖದ ಮೇಲೆ ಎಲ್ಲೋ ಸುಮಾರಾಗಿ ನೆಟ್ಟಿತ್ತು. “ನಾ ಇಲ್ಲಿ ಬಂದ ಮೊದಲನೇ ದಿನ ನೀ ಗುಟುಕ್ ಅಂದಿ ನೋಡು, ಅದೇ ಸಪ್ಪಳ. ಅವರೇ ಬಂದು ಕುಂತಂಗಾಯ್ತು. ನೀ ಎಲ್ಲಿ ಚೆಲ್ತಿ ಅನ್ನೋದೊಂದೇ ತಿಳಿದಿದ್ದಿಲ್ಲ.”

“ಮತ್ತ ಭಾತಂಬ್ರಾದಾಗ, ಎಲ್ಲಾರ ಮುಂದ, ಶಾಲು—”

“ನನ್ನ ಮಗ ಹಂಗಿದ್ರ ಛಂದ ಅಂತ ಅನ್ನಿಸ್ತು, ಅಂದೆ,” ಎಂದಳು ಅವ್ವ, ಸ್ವಲ್ಪ ತಲೆತಗ್ಗಿಸಿ. ಇದು ಎರಡನೆಯದೋ ಮೊದಲನೆಯದೋ, ಸುಳ್ಳುಗಳ ಎಣಿಕೆಯಲ್ಲಿ ಸಿದ್ದೇಶ್ವರನಿಗೆ ಗೊಂದಲವಾಯಿತು. “ಕೊಡಪ್ಪಾ. ರೂಢಿ ಅದ ನಂಗ.”

ಅವಳ ಬೆರಳು ತಾಟಿನ ಅಂಚು ಹಿಡಿಯಿತು. ಅವನು ತನ್ನ ಕಡೆ ಎಳೆದುಕೊಂಡ. ಅವಳು ಬಿಡಲಿಲ್ಲ, ಇವನೂ ಬಿಡಲಿಲ್ಲ; ಶರಣರ ಮನೆಯ ಹಾಲ್‌ನಲ್ಲಿ ತಾಯಿ-ಮಗ ಮುಸುರೆಗಾಗಿ ಜಗ್ಗಾಡುವುದನ್ನು ಪ್ರಣಾಲಿ ಬಾಯಿ ತೆರೆದು ನೋಡಿದಳು. ಅರ್ಧ ನೀರು ಅಂಗಿಯ ಮೇಲೆ, ಬೆಳಗಿನಿಂದ ಕಡ್ಡಿಪೆಟ್ಟಿಗೆ ಇದ್ದ ಜೇಬಿನ ಮೇಲೆ ಚೆಲ್ಲಿತು. ಉಳಿದರ್ಧವನ್ನು, ಮತ್ತೆ ಕೈ ಬರುವ ಮೊದಲು, ಅವನು ಎತ್ತಿ ಬಾಯಿಗೆ ಸುರಿದುಕೊಂಡ. ಗಂಟಲು ಮುಚ್ಚಿಕೊಂಡಿತು, ಕೆಮ್ಮು ಬಂತು, ಮೂಗಿಗೆ ಏರಿತು, ಕಣ್ಣಲ್ಲಿ ನೀರಾಡಿತು, ಆಮೇಲೆ ಅದು ದೊಡ್ಡ ಸಪ್ಪಳ ಮಾಡುತ್ತ ಒಳಗೆ ಇಳಿಯಿತು. ಬರೀ ಝುಣಕದ ರುಚಿ, ತಣ್ಣಗಾದದ್ದು.

“ಇಪ್ಪತ್ತೊಂಬತ್ತು,” ಎಂದಳು ಪ್ರಣಾಲಿ ತೊಟ್ಟಿಯ ಕಡೆ ತಿರುಗಿ, ಎಣಿಕೆ ಸರಿಯಿದೆಯೋ ಎಂದು ಇನ್ನೊಮ್ಮೆ ನೋಡುತ್ತ.

ಶಿವಕಾಂತಾ ತಲೆ ಓರೆ ಮಾಡಿ, ಮಗನ ಕೆಮ್ಮು ನಿಲ್ಲುವವರೆಗೂ ಕೇಳಿಸಿಕೊಂಡಳು. “ಹ್ಞಾಂ,” ಎಂದಳು. “ಈ ಸಪ್ಪಳ ಬ್ಯಾರೆ.” ಆಮೇಲೆ ತನ್ನ ತಾಟಿಗೆ ನೀರು ಹಾಕಿಕೊಂಡಳು.